ದಪ್ಪ ಸದ್ದಿನ ಪೆಟ್ಟಿಗೆ, ಇಬ್ಬರು ಅತ್ತೆಯರು

ನಮ್ಮ ಮನೆಯ ಊಟದ ಮೇಜಿನ ಮೇಲೆ ಯಾರೂ ಊಟ ಮಾಡುವುದಿಲ್ಲ. ಅಲ್ಲಿ ನನ್ನ ಸಿಂಥಸೈಜರ್ ಮಲಗಿದೆ. ನಾವು ನೆಲದ ಮೇಲೆ ಚಾಪೆ ಹಾಸಿ ಉಣ್ಣುತ್ತೇವೆ. ಬಂದ ನೆಂಟರು ಇದನ್ನು ನೋಡಿ, ಹಿರಿಯರ ಪದ್ಧತಿ ಬಿಡದ ಮನೆ ಎಂದು ಹೊಗಳಿ ಹೋಗುತ್ತಾರೆ. ನಾನಾಗಿ ಆ ಹೊಗಳಿಕೆಯನ್ನು ಬೇಡವೆಂದು ಯಾವತ್ತೂ ಹೇಳಿಲ್ಲ.

ಸಿಂಥಸೈಜರ್ ಎಂದರೆ ಮದುವೆ ಆರ್ಕೆಸ್ಟ್ರಾದಲ್ಲಿ ಕಾಣುವ ಕೀಬೋರ್ಡಿನ ಅಜ್ಜ. ಮೈತುಂಬ ತಿರುಗಿಸುವ ನಾಬುಗಳು. ಒಳಗೆ ಕಂಪ್ಯೂಟರಿನ ಲೆಕ್ಕಾಚಾರವಿಲ್ಲ, ವಿದ್ಯುತ್ತೇ ನಡುಗಿ ಸ್ವರವಾಗುತ್ತದೆ. ಅದಕ್ಕೆ ಅನಲಾಗ್ ಎಂದು ಹೆಸರು. ನನ್ನ ಗಂಡನ ಸೋದರಮಾವ ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದಾಗ ಮೇಲಿನ ಕೋಣೆಯಲ್ಲಿ ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸುವವರೊಬ್ಬರು ಬಾಡಿಗೆಗಿದ್ದರಂತೆ. ಅವರು ಕೋಣೆ ಖಾಲಿ ಮಾಡುವಾಗ ಇದನ್ನು ಬಿಟ್ಟು ಹೋದರು. ಅದು ಅಕ್ಕಿ ಮೂಟೆಗಳ ಮೇಲೆ ವರ್ಷಗಟ್ಟಲೆ ಕುಳಿತಿತ್ತು. ಆ ಸೋದರಮಾವ ಹೋಟೆಲು ಮುಚ್ಚಿ ಕೋಟೇಶ್ವರಕ್ಕೆ ಮರಳಿದಾಗ ಇಡ್ಲಿ ಬೇಯಿಸುವ ಅಟ್ಟಗಳು, ಗ್ರೈಂಡರು, ಸ್ಟೀಲು ಲೋಟಗಳ ಜೊತೆ ಇದೂ ಲಾರಿ ಹತ್ತಿ ಬಂತು. ಇದನ್ನು ನೇರವಾಗಿ ನಾವುಂದದ ನಮ್ಮ ಮನೆಗೆ ಕಳಿಸಿದರು. ನಾನು ಬೈಂದೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ನಮ್ಮ ಕಡೆ ಫಿಸಿಕ್ಸ್ ಮೇಡಂ ಎಂದರೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಬಾವಿಯ ಪಂಪು, ಎಲ್ಲವನ್ನೂ ರಿಪೇರಿ ಮಾಡುವವಳೆಂದೇ ಅರ್ಥ.

ಮುಚ್ಚಳ ತೆಗೆದರೆ ಒಳಗೆ ಜಿರಲೆಗಳ ಸಂಸಾರವಿತ್ತು. ಸಾಂಬಾರಿನ ವಾಸನೆಯೂ ಇತ್ತು. ನಮ್ಮ ಸಮುದ್ರದ ಉಪ್ಪುಗಾಳಿ ತನ್ನ ಪಾಲಿನ ತುಕ್ಕನ್ನು ಬೇಗನೆ ಸೇರಿಸಿತು. ಕಾಲೇಜಿನಿಂದ ಬಂದು, ಸೆರಗು ಸಿಕ್ಕಿಸಿ, ಬೆಸುಗೆ ಹಾಕುವ ಕಡ್ಡಿ ಬಿಸಿ ಮಾಡಿಕೊಂಡು ಕೂರುತ್ತಿದ್ದೆ. ನನ್ನ ಗಂಡ ಗಂಗೊಳ್ಳಿ ಬಂದರಿನಿಂದ ಮೀನಿನ ಲಾರಿ ಕಳಿಸುವವರು. ಮನೆಗೆ ಬಂದು ಸೀಸದ ಹೊಗೆ ಮೂಗಿಗೆ ಬಡಿದರೆ, ಇವತ್ತೂ ಒಗ್ಗರಣೆ ಇದರದ್ದೇ ಅಂತ ಕಾಣುತ್ತದೆ ಎಂದು ಕೈ ತೊಳೆಯಲು ಹೋಗುತ್ತಿದ್ದರು.

ಮೊದಲ ಸಲ ಅದು ಕೂಗಿದ್ದು ಒಂದು ಭಾನುವಾರ ಮಧ್ಯಾಹ್ನ. ತೀರ ಕೆಳಗಿನ ಒಂದು ಕೀಲಿ ಒತ್ತಿದ್ದೆ, ಅಷ್ಟೆ. ಕಿಟಕಿಯ ಗಾಜು ಗರಗರ ಎಂದಿತು. ಬೆಕ್ಕು ಹಾರಿ ಹೋಯಿತು. ಅಡಿಗೆಮನೆಯಿಂದ ಅತ್ತೆ ಸೌಟು ಹಿಡಿದುಕೊಂಡೇ ಓಡಿ ಬಂದರು.

"ಇದೆಂತ ಹೆಣ್ಣೆ, ಬೋಟ್ ಮನಿ ಒಳ್ಗೇ ಬಂತಾ?"

ಇನ್ನೊಂದು ಸಲ ಒತ್ತಿದೆ. ಅತ್ತೆ ಸೌಟು ಕೆಳಗಿಳಿಸಿ ಕಿವಿಗೊಟ್ಟು ಕೇಳಿದರು. ಅವರ ಮುಖದಲ್ಲಿ ಮೆಚ್ಚುಗೆ ಹುಟ್ಟಿದ್ದನ್ನು ನಾನು ಕಂಡೆ. ಸೊಸೆಯ ಕೆಲಸಕ್ಕೆ ಆ ಮುಖದಲ್ಲಿ ಮೆಚ್ಚುಗೆ ಮೂಡುವುದು ಅಪರೂಪ.

"ಸ್ವರಕ್ಕೆ ಮೈ ಇತ್ತ್ ಕಾಣ್," ಎಂದರು. "ನಿಮ್ ಮೊಬೈಲಿನ ಹಾಡಿನಂಗೆ ಬಡಕಲ್ ಅಲ್ಲ."

ಮೈ ಇದೆ ಎನ್ನುವುದು ಸರಿಯಾದ ಮಾತಾಗಿತ್ತು. ನನ್ನ ಗಂಡ ಆ ಸಂಜೆಯೇ ಫೋನಿಗೆ ಒಂದು ಆ್ಯಪ್ ಇಳಿಸಿಕೊಂಡರು. ಅದು ನಮ್ಮ ಪೆಟ್ಟಿಗೆಯ ತದ್ರೂಪು. ಅದೇ ನಾಬುಗಳು, ಅದೇ ಬಣ್ಣ, ತುಕ್ಕು ಮಾತ್ರ ಇಲ್ಲ. ಅದೇ ಸ್ವರ ಒತ್ತಿ, ನನ್ನದೇ ಸ್ಪೀಕರಿಗೆ ಸಿಕ್ಕಿಸಿ ಕೇಳಿದರೆ ಸದ್ದು ತೆಳ್ಳಗೆ. ಇಷ್ಟು ಕಷ್ಟಪಟ್ಟು ಜಿರಲೆ ಗುಡಿಸಿದ್ದಕ್ಕೆ ನನಗೆ ಎಷ್ಟು ಸಂತೋಷವಾಯಿತೆಂದರೆ, ಅವರ ಫೋನಿನ ಮುಂದೆ ಪೆಟ್ಟಿಗೆಯನ್ನು ಬೇಕೆಂದೇ ಮತ್ತೆ ಮತ್ತೆ ಕೂಗಿಸಿದೆ.

ಆದರೆ ಯಾಕೆ ದಪ್ಪ? ಈ ಪ್ರಶ್ನೆ ನನ್ನ ತಲೆ ತಿಂದಿತು. ಇಂಟರ್ನೆಟ್ಟಿನಲ್ಲಿ ನೋಡಿದರೆ ಇದರ ಬಗ್ಗೆ ಲೋಕವೆಲ್ಲ ಜಗಳ. ಒಬ್ಬರು ಒಳಗಿನ ಟ್ರಾನ್ಸಿಸ್ಟರು ಎನ್ನುತ್ತಾರೆ. ಇನ್ನೊಬ್ಬರು ಕರೆಂಟ್ ಕೊಡುವ ಭಾಗ ಎನ್ನುತ್ತಾರೆ. ಪೆಟ್ಟಿಗೆಯ ಪಕ್ಕದ ಮರದ ಹಲಗೆಯೇ ಕಾರಣವೆಂದು ವಾದಿಸುವ ಮಹಾನುಭಾವರೂ ಇದ್ದಾರೆ. ಅದನ್ನು ಓದಿ ಹೇಳಿದಾಗ ಅತ್ತೆ, ಹಾಗಾದರೆ ನಮ್ಮ ಹಳೆಯ ಕಪಾಟನ್ನೂ ಹಾಡಿಸಬಹುದು ಎಂದರು.

ನಾನು ಕಂಡುಕೊಂಡದ್ದು ಇಷ್ಟು. ನನ್ನ ಪೆಟ್ಟಿಗೆಯೊಳಗೆ ಸ್ವರ ಹುಟ್ಟಿಸುವ ಭಾಗ ಒಂದಲ್ಲ, ಎರಡು. ಒಂದು ಕೀಲಿ ಒತ್ತಿದರೆ ಎರಡೂ ಒಂದೇ ಸ್ವರ ಹಾಡಬೇಕು. ಆದರೆ ಎರಡೂ ಪೂರ್ತಿ ಒಂದೇ ಆಗುವುದಿಲ್ಲ. ಒಂದು ಕೂದಲೆಳೆಯಷ್ಟು ಕೆಳಗೆ, ಇನ್ನೊಂದು ಕೂದಲೆಳೆಯಷ್ಟು ಮೇಲೆ. ಸೆಖೆ ಹೆಚ್ಚಾದರೆ ಇನ್ನೂ ಸ್ವಲ್ಪ ಜಾರುತ್ತವೆ. ಆ ಚೂರು ವ್ಯತ್ಯಾಸಕ್ಕೆ ಎರಡೂ ಒಮ್ಮೆ ಕೂಡುತ್ತವೆ, ಒಮ್ಮೆ ಬಿಡುತ್ತವೆ. ಅದರಿಂದ ಸ್ವರ ಒಳಗೊಳಗೇ ಅಲೆಯಾಡುತ್ತದೆ. ಮುಂದೆ ಅದು ಫಿಲ್ಟರ್ ಎಂಬ ಭಾಗದ ಮೂಲಕ ಹಾದು ಬರುವಾಗ, ಇಕ್ಕಟ್ಟಿನಲ್ಲಿ ನುಗ್ಗಿದ್ದಕ್ಕೆ ಅಂಚು ಸ್ವಲ್ಪ ಒರಟಾಗುತ್ತದೆ. ಕಿವಿಗೆ ಇದೆಲ್ಲ ತಪ್ಪೆಂದು ಕೇಳಿಸುವುದಿಲ್ಲ. ದಪ್ಪವೆಂದು ಕೇಳಿಸುತ್ತದೆ.

ಇಷ್ಟು ತಿಳಿದ ಮೇಲೆ ಬುದ್ಧಿವಂತಳಾದವಳು ಸುಮ್ಮನಿರಬೇಕಿತ್ತು. ನಾನು ಮೇಡಂ. ತಪ್ಪು ಕಂಡರೆ ಕೆಂಪು ಪೆನ್ನು ತೆಗೆಯದೆ ಇರಲಾಗುವುದಿಲ್ಲ. ಜಾರುವುದನ್ನು ನಿಲ್ಲಿಸುವ ಒಂದು ಸಣ್ಣ ಸರ್ಕ್ಯೂಟು ಕಟ್ಟಿ ಕೂರಿಸಿದೆ. ಎರಡು ಭಾಗಗಳೂ ಗೆರೆ ಎಳೆದಂತೆ ಒಂದೇ ಶ್ರುತಿಗೆ ಬಂದವು. ಕೀಲಿ ಒತ್ತಿದೆ. ಸ್ವರ ಅಚ್ಚುಕಟ್ಟಾಗಿತ್ತು, ಫೋನಿನ ಆ್ಯಪಿನಷ್ಟೇ ಅಚ್ಚುಕಟ್ಟು. ಅತ್ತೆ ಅಡಿಗೆಮನೆಯಿಂದ ಹೊರಗೂ ಬರಲಿಲ್ಲ. ಒಳಗಿನಿಂದಲೇ, "ಅದ್ಕೆ ಜ್ವರ ಬಂತಾ ಹೆಣ್ಣೆ?" ಎಂದು ಕೇಳಿದರು. ನನಗೆ ಮೈಯೆಲ್ಲ ಉರಿದು ಹೋಯಿತು.

ಈಗ ಇಬ್ಬರು ಅತ್ತೆಯರ ವಿಷಯಕ್ಕೆ ಬರಬೇಕು. ಒಬ್ಬರು ನನ್ನ ಗಂಡನ ತಾಯಿ, ಈವರೆಗೆ ಮಾತಾಡಿದವರು. ಇನ್ನೊಬ್ಬರು ಅವರ ವಾರಗಿತ್ತಿ, ನನ್ನ ಮಾವನ ಅಣ್ಣನ ಹೆಂಡತಿ. ನಾನು ದೊಡ್ಡತ್ತೆ ಎನ್ನುತ್ತೇನೆ, ಅತ್ತೆ ಅಕ್ಕ ಎನ್ನುತ್ತಾರೆ. ಅಣ್ಣತಮ್ಮಂದಿರು ಪಾಲಾದಾಗ ಅಂಗಳದ ನಡುವೆ ಸೊಂಟದೆತ್ತರದ ಒಂದು ಗೋಡೆ ಎದ್ದಿತಂತೆ. ಅಣ್ಣತಮ್ಮಂದಿರಿಬ್ಬರೂ ತೀರಿಕೊಂಡರು, ಗೋಡೆ ಉಳಿಯಿತು. ಗೋಡೆಯ ಮೇಲಿಂದ ಮೀನಿನ ಸಾರು ಆಚೀಚೆ ಹೋಗುತ್ತದೆ. ಅದರ ಜೊತೆಗೇ, ಹುಳಿ ಜಾಸ್ತಿಯಾಗಿದೆ ಎಂಬ ಅಭಿಪ್ರಾಯವೂ ಹೋಗುತ್ತದೆ.

ಇಬ್ಬರೂ ಪ್ರಾಯದಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವರು. ರಸ್ತೆಯಲ್ಲಿ ನಿಂತು ಕೂಗಿದರೆ ಹಿತ್ತಲಿನಲ್ಲಿ ಪಾತ್ರೆ ತೊಳೆಯುವವರಿಗೆ ಕೇಳಿಸಬೇಕಿತ್ತು, ಅಂಥ ಗಂಟಲು. ಪ್ರತಿ ಶನಿವಾರ ಸಂಜೆ ನಮ್ಮ ಕೇರಿಯ ಭಜನಾ ಮಂದಿರದಲ್ಲಿ ಭಜನೆ. ಮದುವೆಯಾಗಿ ಬಂದ ವರ್ಷದಿಂದ ಇಬ್ಬರೂ ಅಲ್ಲಿ ಅಕ್ಕಪಕ್ಕ ನಿಂತೇ ಹಾಡಿದವರು. ಪ್ರೀತಿಯಿಂದಲ್ಲ. ಅಕ್ಕನಿಗೆ ಶ್ರುತಿ ಇಲ್ಲ, ಮೇಲೆ ಮೇಲೆ ಹೋಗುತ್ತಾರೆ, ಪಕ್ಕದಲ್ಲಿ ನಿಂತು ಸರಿಮಾಡಬೇಕು ಎಂದು ನನ್ನ ಅತ್ತೆಯ ನಂಬಿಕೆ. ದೊಡ್ಡತ್ತೆಯೂ ಗೋಡೆಯ ಆ ಕಡೆಯಿಂದ ನನಗೆ ಗುಟ್ಟಾಗಿ ಹೇಳುತ್ತಿದ್ದರು: "ನಿನ್ನತ್ತಿ ಸ್ವರ ಒಂಚೂರ್ ಕೆಳ್ಗೆ ಕೂಕಂತ್ ಹೆಣ್ಣೆ. ನಾನ್ ಎಳ್ದ್ ಎಳ್ದ್ ಮೇಲೆ ತತ್ತೆ." ಇಷ್ಟು ವರ್ಷದಲ್ಲಿ ನನ್ನ ಅತ್ತೆ ಮೇಲೆ ಬರಲಿಲ್ಲ, ದೊಡ್ಡತ್ತೆ ಕೆಳಗಿಳಿಯಲಿಲ್ಲ.

ಆ ವರ್ಷ ಮಂಗಲೋತ್ಸವವನ್ನು ಯೂಟ್ಯೂಬಿನಲ್ಲಿ ಲೈವ್ ಬಿಡುವುದೆಂದು ಭಜನಾ ಮಂಡಳಿಯ ಸಭೆಯಲ್ಲಿ ತೀರ್ಮಾನವಾಯಿತು. ವರ್ಷದ ಭಜನೆಗೆ ಮಂಗಳ ಹಾಡುವ ಹಬ್ಬ ಅದು. ಹಂಗಾರಕಟ್ಟೆಯ ಕಡೆಯಿಂದಲೂ ತಂಡಗಳು ಬರುತ್ತವೆ. ಲೋಕವೆಲ್ಲ ನೋಡುವುದೆಂದ ಮೇಲೆ ನಮ್ಮವರಿಗೆ ಭಯ ಹತ್ತಿತು. ಬ್ರಹ್ಮಾವರದಿಂದ ಒಬ್ಬ ಸಂಗೀತದ ಮೇಷ್ಟ್ರನ್ನು ಕರೆಸಿದರು. ಒಳ್ಳೆಯ ಮನುಷ್ಯ, ಎಳೆ ವಯಸ್ಸು, ಇಸ್ತ್ರಿ ಮಾಡಿದ ಜುಬ್ಬ. ಅವರ ಫೋನಿನಲ್ಲಿ ಶ್ರುತಿ ನೋಡುವ ಆ್ಯಪ್ ಇತ್ತು. ಸರಿಯಾಗಿ ಹಾಡಿದರೆ ಮುಳ್ಳು ನಡುವೆ ನಿಂತು ಹಸಿರಾಗುತ್ತದೆ. ಒಬ್ಬೊಬ್ಬರನ್ನೇ ಕರೆದು ಹಾಡಿಸಿದರು. ನನ್ನ ಅತ್ತೆ ಹಾಡಿದರೆ ಮುಳ್ಳು ಎಡಕ್ಕೆ ವಾಲಿತು. ದೊಡ್ಡತ್ತೆ ಹಾಡಿದರೆ ಬಲಕ್ಕೆ ವಾಲಿತು. ಹಸಿರು ಇಬ್ಬರಿಗೂ ಬರಲಿಲ್ಲ.

"ಅಮ್ಮ, ನೀವಿಬ್ರೂ ಹಿರಿಯರು. ತಾಳ ಹಾಕಿ ಸಾಕು. ಹಾಡುವುದು ಬೇಡ," ಎಂದರಂತೆ, ಕೈಮುಗಿದು.

ಅತ್ತೆ ಮನೆಗೆ ಬಂದು ಮೊದಲು ಹೇಳಿದ್ದು, "ಅಕ್ಕನ್ನ ಹಾಡೂದ್ ಬ್ಯಾಡ ಅಂದ್ರ್ ಮೇಷ್ಟ್ರ್." ಅದನ್ನು ಹೇಳುವಾಗ ಅವರ ದನಿಯಲ್ಲಿ ಹಬ್ಬವಿತ್ತು. ಕಾಲು ತೊಳೆದು, ಚಹಾ ಕುಡಿದು, ಲೋಟ ತೊಳೆದಿಟ್ಟ ಮೇಲೆ, ಗೋಡೆಯ ಕಡೆ ಮುಖ ಮಾಡಿ ಉಳಿದದ್ದನ್ನು ಹೇಳಿದರು: "ನನ್ನನ್ನೂ." ಆಮೇಲೆ ಮಂಡಳಿಯ ಹಸಿರು ಅಂಚಿನ ಸೀರೆಯನ್ನು ಮಡಚಿ ಕಪಾಟಿನ ತೀರ ಕೆಳಗಿಟ್ಟರು. ಮುಂದಿನ ಶನಿವಾರ ಬಂದಾಗ, "ನಾ ಬತ್ತಿಲ್ಲೆ. ಕಾಲ್ ನೋವ್," ಎಂದರು. ಅದೇ ಬೆಳಿಗ್ಗೆ ತೆಂಗಿನ ಗರಿ ಎಳೆದುಕೊಂಡು ಇಡೀ ಹಿತ್ತಲು ಸುತ್ತಿದ್ದ ಕಾಲು ಅದು.

ಮಾವ ತೀರಿಕೊಂಡ ವರ್ಷವೂ ಅತ್ತೆ ಸೂತಕ ಮುಗಿದ ಶನಿವಾರವೇ ಮಂದಿರಕ್ಕೆ ಹೋದವರು. ಅವರು ಇನ್ನು ಹೋಗುವುದೇ ಇಲ್ಲವೆಂದು ನನಗೆ ಖಚಿತವಾಯಿತು. ಯಾಕೆಂದರೆ ನನ್ನ ಅತ್ತೆ ಒಂದು ಸಲ ಬಿಟ್ಟದ್ದನ್ನು ಮತ್ತೆ ಮುಟ್ಟಿದ್ದನ್ನು ನಾನು ನೋಡಿಲ್ಲ. ಬಂಗುಡೆ ಹುರಿಯುವುದರಲ್ಲಿ ನನ್ನನ್ನು ಬೈಯುವುದೊಂದು ಬಿಟ್ಟು.

ಆ ಸಂಜೆ ಮಂದಿರದ ಸ್ಪೀಕರಿನಿಂದ ಭಜನೆ ಕೇಳಿಬರುವಾಗ ಅತ್ತೆ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದರು. ಒಮ್ಮೆ ಮಗುಚಿದ್ದನ್ನೇ ಮತ್ತೆ ಮಗುಚಿದರು. ಗೋಡೆಯ ಆಚೆ ದೊಡ್ಡತ್ತೆ, ಒಣಗಲು ಬಟ್ಟೆಯೇ ಇಲ್ಲದ ಹಗ್ಗದ ಹತ್ತಿರ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಸ್ಪೀಕರಿನಿಂದ ಬಂದ ಹಾಡು ಶುದ್ಧವಾಗಿತ್ತು. ಒಂದು ಸ್ವರವೂ ಆಚೀಚೆ ಇಲ್ಲ.

"ಉಪವಾಸ ಇದ್ದವ್ರ್ ಹಾಡ್ದಂಗೆ ಇತ್ತ್," ಎಂದರು ಅತ್ತೆ, ಮೀನಿಗೆ.

ನಾನು ಒಳಗೆ ಹೋಗಿ ಪೆಟ್ಟಿಗೆಯ ಮುಂದೆ ಕುಳಿತೆ. ಕೀಲಿ ಒತ್ತಿದೆ. ಹೊರಗಿನ ಭಜನೆಗೆ ಏನಾಗಿತ್ತೋ ಇದಕ್ಕೂ ಅದೇ ಆಗಿತ್ತು. ಇಷ್ಟು ವರ್ಷ ನಮ್ಮ ಮಂಡಳಿಯ ಭಜನೆ ದೂರದ ಹೆದ್ದಾರಿಯವರೆಗೂ ತುಂಬಿಕೊಂಡು ಕೇಳಿಸುತ್ತಿದ್ದದ್ದು ಸ್ಪೀಕರಿನಿಂದಲ್ಲ. ಎಡಕ್ಕೆ ವಾಲುವವರು ಒಬ್ಬರು, ಬಲಕ್ಕೆ ವಾಲುವವರು ಒಬ್ಬರು, ಇಬ್ಬರೂ ಹಟ ಬಿಡದೆ ಅಕ್ಕಪಕ್ಕ ನಿಂತಿದ್ದರು, ಅದಕ್ಕೆ. ನಾನು ಆಗಲೇ ಆ ಹಾಳು ಸರ್ಕ್ಯೂಟನ್ನು ಕಿತ್ತು ಹಾಕಿದೆ. ಪೆಟ್ಟಿಗೆ ಮತ್ತೆ ದಪ್ಪವಾಗಿ ಕೂಗಿತು.

ಮರುದಿನವೇ ಮೇಷ್ಟ್ರ ಹತ್ತಿರ ಹೋಗಿ ಎಲ್ಲ ವಿವರಿಸಿದೆ. ಕಾಗದದ ಮೇಲೆ ಅಲೆಗಳ ಚಿತ್ರ ಬರೆದು ತೋರಿಸಿದೆ. ಅವರು ಗೌರವದಿಂದ ಕೇಳಿದರು, ಕಾಲೇಜಿನ ಹಿಂದಿನ ಬೆಂಚಿನ ಹುಡುಗರು ಕೇಳುವ ಗೌರವ.

"ಮೇಡಂ, ನಿಮ್ದ್ ಮಷೀನ್. ಅದ್ಕೆ ಆತ್ತ್. ಭಜನಿಗೆ ಶ್ರುತಿ ಬೇಕ್," ಎಂದರು.

ಸಿಟ್ಟು ನೆತ್ತಿಗೇರಿತು. ನನ್ನ ಅತ್ತೆಯ ಶ್ರುತಿಯನ್ನು ನಾನು ಬೈಯಬಹುದು, ದೊಡ್ಡತ್ತೆ ಬೈಯಬಹುದು. ಬ್ರಹ್ಮಾವರದ ಒಂದು ಮುಳ್ಳು ಬೈಯುವುದೆಂದರೆ ಏನು? ಹೇಳಿ ಪ್ರಯೋಜನವಿಲ್ಲದ ಕಡೆ ಮಾಡಿ ತೋರಿಸಬೇಕು. ಅದಕ್ಕೆ ದಾರಿ ನಮ್ಮ ನಗರಭಜನೆಯಲ್ಲೇ ಇತ್ತು.

ಮಂಗಲೋತ್ಸವಕ್ಕೆ ಮುಂಚಿನ ವಾರಗಳಲ್ಲಿ ಭಜನೆಯವರು ಸಂಜೆ ದೀಪ ಹಿಡಿದು ಕೇರಿಯ ಮನೆಮನೆಗೆ ಹೋಗಿ ಹಾಡುತ್ತಾರೆ. ನಮ್ಮ ಕೇರಿಯಲ್ಲಿ ಒಂದು ಪದ್ಧತಿ. ಯಾವ ಮನೆಗೆ ಹೋದರೂ ಆ ಮನೆಯ ಹಿರಿ ಹೆಂಗಸು ಕೊನೆಯ ಹಾಡನ್ನು ಎತ್ತಿಕೊಡಬೇಕು, ಉಳಿದವರು ಅವರ ಹಿಂದೆ ಹಾಡಬೇಕು. ಅವರ ಗಂಟಲು ಹೇಗಾದರೂ ಇರಲಿ, ಅವರ ಅಂಗಳದಲ್ಲಿ ಅವರನ್ನು ತಡೆಯುವ ಹಾಗಿಲ್ಲ. ದೀಪವನ್ನು ಬರಮಾಡಿಕೊಂಡವರ ಬಾಯಿ ಮುಚ್ಚಿಸಿದರೆ ದೀಪಕ್ಕೇ ಅವಮಾನ. ಮೇಷ್ಟ್ರೂ ಅದನ್ನು ಒಪ್ಪಿದ್ದರು.

ದಿನಕ್ಕೆ ಎಷ್ಟು ಮನೆ, ಯಾವ ದಾರಿ ಎಂದು ತೀರ್ಮಾನಿಸುವವರು ನನ್ನ ಗಂಡ. ನಾನು ಚಹಾಕ್ಕೆ ಸ್ವಲ್ಪ ಹೆಚ್ಚು ಸಕ್ಕರೆ ಹಾಕಿ ಕೊಟ್ಟು, "ನಮ್ಮ ಮನೆ, ದೊಡ್ಡತ್ತೆ ಮನೆ ಎರಡಕ್ಕೂ ಬೇರೆ ಬೇರೆ ಯಾಕೆ? ಗೋಡೆಯ ಮೇಲೇ ದೀಪ ಇಟ್ಟು ಒಟ್ಟಿಗೆ ಮುಗಿಸಿದರೆ ಹೊತ್ತು ಉಳಿಯುತ್ತದಲ್ಲ," ಎಂದೆ. ಅವರು ನನ್ನ ಮುಖವನ್ನೂ ಚಹಾವನ್ನೂ ಒಂದು ಗಳಿಗೆ ನೋಡಿದರು. "ನೀನ್ ಎಂತದೋ ಮಾಡ್ತಿದ್ದೆ," ಎಂದರು. ಆದರೆ ಒಪ್ಪಿದರು.

ಸಂಜೆ ದೀಪ ಬಂತು. ಗೋಡೆಯ ಮೇಲೆ ಬಾಳೆಲೆ ಹಾಸಿ ಇಟ್ಟೆವು. ತಂಡ ಅರ್ಧ ಈಚೆ, ಅರ್ಧ ಆಚೆ ನಿಂತಿತು. ಮೇಷ್ಟ್ರು ಫೋನು ಹಿಡಿದು ನಡುವೆ ನಿಂತರು. ಹಾಡುಗಳು ಮುಗಿದು ಕೊನೆಯದಕ್ಕೆ ಬಂದಾಗ, ಪದ್ಧತಿಯಂತೆ ಎಲ್ಲರೂ ಮನೆಯೊಡತಿಯ ಕಡೆ ತಿರುಗಿದರು. ಮನೆಯೊಡತಿಯರು ಇಬ್ಬರಿದ್ದಾರೆ ಎಂಬುದು ಅವರಿಗೆ ಹೊಳೆದದ್ದೇ ಆಗ.

ನನ್ನ ಅತ್ತೆ ಮೊದಲು ಎತ್ತಿದರೋ, ದೊಡ್ಡತ್ತೆ ಮೊದಲು ಎತ್ತಿದರೋ, ಇವತ್ತಿಗೂ ಆ ವಿಷಯ ಗೋಡೆಯ ಮೇಲೆ ಚರ್ಚೆಯಲ್ಲಿದೆ. ಇಬ್ಬರೂ ಎತ್ತಿದ್ದು ಒಂದೇ ಹಾಡು. ಒಬ್ಬರು ಬಿಡಲಿ ಎಂದು ಇನ್ನೊಬ್ಬರು ಕಾಯಲಿಲ್ಲ. ತಿಂಗಳ ಮೌನವೆಲ್ಲ ಗಂಟಲಿಗೆ ಬಂದಿತ್ತು. ತಂಡಕ್ಕೆ ಯಾರ ಹಿಂದೆ ಹೋಗಬೇಕೆಂದು ತಿಳಿಯಲಿಲ್ಲ. ಈಚೆಯವರು ನನ್ನ ಅತ್ತೆಯ ಕಡೆ ಒಂದು ಚೂರು ವಾಲಿದರು, ಆಚೆಯವರು ದೊಡ್ಡತ್ತೆಯ ಕಡೆ. ಗೋಡೆಯ ನಡುವೆ ಆ ಹಾಡು ಉಬ್ಬಿ ನಿಂತಿತು. ದೀಪದ ಪಕ್ಕದ ಕಂಚಿನ ಹರಿವಾಣ ಸಣ್ಣಗೆ ಗುಂಯ್ ಎಂದದ್ದನ್ನು ನಾನು ಕೇಳಿದೆ. ಹೆದ್ದಾರಿಯ ಕಡೆಗೆ ಹೊರಟಿದ್ದ ಇಬ್ಬರು ದಾರಿಹೋಕರು ತಿರುಗಿ ಬಂದು ಬೇಲಿಯ ಹತ್ತಿರ ನಿಂತರು. ನನಗೆ ಕಣ್ಣು ತುಂಬಿತು. ಜೊತೆಗೆ ನಗುವೂ ಬಂತು. ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡೆ.

ಮೇಷ್ಟ್ರ ಫೋನಿನ ಮುಳ್ಳು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಓಡಾಡುತ್ತಿತ್ತು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಜುಬ್ಬದ ಕಿಸೆಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

ದೀಪ ಮುಂದಿನ ಮನೆಗೆ ಹೋದ ಮೇಲೂ ಅವರು ನಮ್ಮ ಅಂಗಳದಲ್ಲೇ ಉಳಿದರು. "ಮೇಡಂ, ಒಳ್ಗೆ ಆ ಮಷೀನ್ ಹಾಕಿದ್ರ್ಯಾ? ಸತ್ಯ ಹೇಳಿ." ಹಾಕಿಲ್ಲವೆಂದರೆ ನಂಬಲಿಲ್ಲ. ಒಳಗೆ ಕರೆದುಕೊಂಡು ಹೋಗಿ ತೋರಿಸಿದೆ, ಪ್ಲಗ್ಗೇ ಹಾಕಿರಲಿಲ್ಲ. ಆಮೇಲೆ ಹಾಕಿ, ಒಂದು ಸ್ವರ ಹಿಡಿಸಿ, ಎರಡನೆಯ ಭಾಗದ ನಾಬನ್ನು ಅವರ ಕೈಗೇ ಕೊಟ್ಟೆ. ಅವರು ಅದನ್ನು ಸರಿಯಾದ ಶ್ರುತಿಗೆ ತಂದರು, ಸ್ವರ ಸಪ್ಪೆಯಾಯಿತು. ಕೂದಲೆಳೆಯಷ್ಟು ತಪ್ಪಿಸಿದರು, ತುಂಬಿಕೊಂಡಿತು. ಇನ್ನೂ ತಪ್ಪಿಸಿದರು, ಬೆಕ್ಕುಗಳ ಜಗಳವಾಯಿತು. ಮತ್ತೆ ಹಿಂದಕ್ಕೆ ತಂದರು. ಆ ಆಟ ಅವರಿಗೆ ಎಷ್ಟು ಹಿಡಿಸಿತೆಂದರೆ, ಅವರ ತಂಡ ದೀಪದ ಜೊತೆ ಕೇರಿಯ ಕೊನೆ ಮುಟ್ಟಿದ್ದೂ ಅವರಿಗೆ ತಿಳಿಯಲಿಲ್ಲ.

"ಎಷ್ಟ್ ತಪ್ಪಬೇಕ್ ಅಂಬುದೇ ವಿದ್ಯೆ ಅಲ್ದಾ ಮೇಡಂ," ಎಂದರು ಕೊನೆಗೆ. ಮರುದಿನ ಇಬ್ಬರು ಅತ್ತೆಯರ ಮನೆಗೂ ತಾವೇ ಹೋಗಿ, ಮುಂದಿನ ಸಾಲಿನಲ್ಲಿ ನಿಂತು ಹಾಡಬೇಕೆಂದು ಕೇಳಿಕೊಂಡರು. ಕಪಾಟಿನ ತಳದಿಂದ ಹಸಿರು ಅಂಚಿನ ಸೀರೆ ಹೊರಗೆ ಬಂತು. ಅತ್ತೆಯ ಕಾಲು ನೋವೂ ಹೋಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಗೆದ್ದ ಹಾಗಿತ್ತು. ಆದರೆ ದೊಡ್ಡತ್ತೆ ಇದ್ದರಲ್ಲ. ಮುಂದಿನ ಸಾಲು ಎಂದ ಕೂಡಲೇ ಅವರಿಗೆ ಉಮೇದು ಏರಿತು. ಮೊಮ್ಮಗಳ ಫೋನಿಗೆ ಆ ಮುಳ್ಳಿನ ಆ್ಯಪನ್ನೇ ಹಾಕಿಸಿಕೊಂಡರು. ಹಿತ್ತಲ ಬಾವಿಕಟ್ಟೆಯಲ್ಲಿ ಕುಳಿತು, ಬೆಳಿಗ್ಗೆ ಸಂಜೆ ಅಭ್ಯಾಸ. ನೀರು ಸೇದಲು ಹೋದ ನನಗೆ ದಿನಕ್ಕೊಂದು ವರದಿ: "ಹಸ್ರ್ ಬಂತ್ ಹೆಣ್ಣೆ! ಇವತ್ತ್ ಮಸ್ತ್ ಹೊತ್ತ್ ಹಸ್ರ್ ನಿಂತಿತ್ತ್!" ಎಪ್ಪತ್ತು ದಾಟಿದವರು ಕಲಿಯುತ್ತಾರೆಂದು ಯಾರಾದರೂ ಅಂದುಕೊಳ್ಳುತ್ತಾರಾ? ಅವರು ಕಲಿತರು. ಮಂಗಲೋತ್ಸವದ ಹಿಂದಿನ ಶನಿವಾರ ಅವರ ಸ್ವರ ನಡುವೆ ಬಂದು ಅಲ್ಲಾಡದೆ ಕುಳಿತಿತ್ತು.

ಪಕ್ಕದಲ್ಲಿ ನನ್ನ ಅತ್ತೆಯ ಸ್ವರ ಒಂಟಿಯಾಯಿತು. ಮೇಲಿನಿಂದ ಎಳೆಯುವವರಿಲ್ಲದ ಮೇಲೆ ಕೆಳಗಿರುವುದು ಬರೀ ತಪ್ಪಾಗಿಯೇ ಕೇಳಿಸಿತು. ಅವರಿಗೂ ಕೇಳಿಸಿತು. ಹಾಡಿನ ನಡುವೆ ಬಾಯಿ ಮುಚ್ಚಿದವರು ಮತ್ತೆ ತೆರೆಯಲಿಲ್ಲ. ದಾರಿಯಲ್ಲಿ ಬರುವಾಗ ನನ್ನ ಕೈ ಹಿಡಿದುಕೊಂಡರು. ಅವರು ಹಾಗೆ ಹಿಡಿಯುವವರಲ್ಲ.

"ಇಷ್ಟ್ ವರ್ಷ ತಪ್ಪ್ ನಂದೇ ಆಗಿತ್ತಾ ಹೆಣ್ಣೆ?"

ಅಲೆಗಳ ಚಿತ್ರ ಬರೆದು ಇದಕ್ಕೆ ಉತ್ತರ ಕೊಡಲಾಗುವುದಿಲ್ಲ. "ಇಲ್ಲ ಅತ್ತೆ," ಎಂದೆ, ಅಷ್ಟೆ. ಅವರು ನಂಬಲಿಲ್ಲವೆಂದು ನನಗೆ ಗೊತ್ತಿತ್ತು. ಎಲ್ಲ ನನ್ನ ಕಿತಾಪತಿಯಿಂದಲೇ ಆಯಿತಲ್ಲ ಎಂದು ನನಗೆ ಅಳು ಬಂತು.

ದೊಡ್ಡತ್ತೆಗೆ ಹೇಳಿಬಿಡೋಣವೆಂದು ಗೋಡೆಯವರೆಗೆ ಹೋದೆ. ಅವರು ಬಾವಿಕಟ್ಟೆಯಲ್ಲಿ ಹಸಿರು ಬೆಳಕನ್ನು ನೋಡಿ ನಗುತ್ತಾ ಕುಳಿತಿದ್ದರು. ಕಲಿತವರಿಗೆ ಮರೆಯಿರಿ ಎಂದು ಯಾವ ಬಾಯಿಂದ ಹೇಳುವುದು? ಹಿಂದಕ್ಕೆ ಬಂದೆ.

ಮಂಗಲೋತ್ಸವದ ದಿನ ಅತ್ತೆ ಸೀರೆಯೇನೋ ಉಟ್ಟರು. "ತಾಳ ಹಾಕ್ತೆ. ಬಾಯಿ ಬಿಡ್ತಿಲ್ಲೆ," ಎಂದು ಮೊದಲೇ ಹೇಳಿದರು. ಮಂದಿರದ ಮುಂದೆ ಚಪ್ಪರ, ಕ್ಯಾಮರಾ, ಬೇರೆ ಊರಿನ ತಂಡಗಳು. ನಮ್ಮವರ ಸರದಿ ಬಂದಾಗ ಬಿಸಿಲಿನ್ನೂ ಪೂರ್ತಿ ಇಳಿದಿರಲಿಲ್ಲ. ನಾನು ಸ್ಪೀಕರಿನ ಪಕ್ಕ, ಮೇಷ್ಟ್ರ ಹತ್ತಿರ ನಿಂತಿದ್ದೆ. ದೊಡ್ಡತ್ತೆ ಹಾಡು ಎತ್ತಿದರು. ಕೂದಲೆಳೆಯಷ್ಟೂ ತಪ್ಪಿಲ್ಲ. ಮೇಷ್ಟ್ರ ಹುಬ್ಬು ಮೇಲೇರಿತು. ತಂಡ ಹಿಂದೆ ಹಾಡಿತು, ಶುದ್ಧವಾಗಿ, ತೆಳ್ಳಗೆ. ನನ್ನ ಅತ್ತೆ ತಾಳ ಹಾಕುತ್ತಿದ್ದರು. ತುಟಿಗಳು ಬಿಗಿದಿದ್ದವು.

ಎರಡನೆಯ ಸಲ ಪಲ್ಲವಿಗೆ ಬರುವಾಗ ದೊಡ್ಡತ್ತೆ ಪಕ್ಕಕ್ಕೆ ತಿರುಗಿ ನೋಡಿದರು. ಮುಚ್ಚಿದ ಆ ಬಾಯಿಯನ್ನು ನೋಡಿದರು. ಮತ್ತೆ ಮುಂದೆ ತಿರುಗಿ ಪಲ್ಲವಿ ಹಿಡಿದರು. ಅವರ ಸ್ವರ ನಡುವಿನಿಂದ ಹೊರಟು, ನಿಧಾನಕ್ಕೆ, ಒಂದೇ ಸಮನಾಗಿ ಮೇಲಕ್ಕೆ ಸರಿಯಿತು. ಹಿಂದೆ ಎಲ್ಲಿತ್ತೋ ಅಲ್ಲಿಗೇ ಹೋಗಿ ನಿಂತಿತು. ನಾನು ನಾಬು ತಿರುಗಿಸಿ ತಿರುಗಿಸಿ ಬೆರಳು ಸವೆಸಿಕೊಂಡವಳು. ತಾನಾಗಿ ಜಾರಿದ್ದು ಯಾವುದು, ಬೇಕೆಂದೇ ತಿರುಗಿಸಿದ್ದು ಯಾವುದು ಎಂದು ನನ್ನ ಕಿವಿಗೆ ಗೊತ್ತು.

ನನ್ನ ಅತ್ತೆಯ ಮುಖದಲ್ಲಿ ಮೊದಲು ಆಶ್ಚರ್ಯ ಬಂತು, ಆಮೇಲೆ ಹಳೆಯ ಸಿಡುಕು ಬಂತು. ಅಕ್ಕ ಮತ್ತೆ ಮೇಲೆ ಹೋಗುತ್ತಿದ್ದಾರೆ, ಬಿಟ್ಟರೆ ಆಗುವುದಿಲ್ಲ. ಬಾಯಿ ತೆರೆದರು. ಮೀನು ಮಾರಿದ ಆ ಇಡೀ ಗಂಟಲನ್ನು ತೆರೆದರು. ಚಪ್ಪರ ತುಂಬಿತು. ಕ್ಯಾಮರಾದ ಹುಡುಗ ಬೆಚ್ಚಿ ಸ್ಪೀಕರಿನ ಕಡೆ ನೋಡಿದ. ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಎಲ್ಲಿಯೂ ನೋಡುವ ಸ್ಥಿತಿಯಲ್ಲಿರಲಿಲ್ಲ.

ಮುಗಿದ ಮೇಲೆ ದೊಡ್ಡತ್ತೆಯ ಹತ್ತಿರ ಹೋಗಿ ಮೆಲ್ಲಗೆ, "ಹಸಿರು ಏನಾಯಿತು?" ಎಂದು ಕೇಳಿದೆ.

"ಗಂಟ್ಲ್ ಕೆಟ್ಟಿತ್ತ್ ಹೆಣ್ಣೆ," ಎಂದರು. ಕೆಮ್ಮಿಯೂ ತೋರಿಸಿದರು. "ನಿನ್ನತ್ತಿಗೆ ಎಂತದೂ ಹೇಳ್ಬ್ಯಾಡ."

ಮನೆಗೆ ಬರುವ ದಾರಿಯಲ್ಲಿ ಅತ್ತೆ ನನಗಿಂತ ಮುಂದೆ ಮುಂದೆ ನಡೆದರು. ತಾಳವನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಿದ್ದರು. ಗೋಡೆಯ ಹತ್ತಿರ ನಿಂತು, ದೊಡ್ಡತ್ತೆ ಇನ್ನೂ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಡೆ ತಿರುಗಿದರು. ಆ ದಿನಗಳಲ್ಲಿ ನಾನು ಕಂಡಿರದ ನಗು ಮುಖದಲ್ಲಿತ್ತು.

"ಕಂಡ್ಯಾ? ಎಷ್ಟ್ ಕಲ್ತ್ರೂ ಅಕ್ಕಂಗೆ ಶ್ರುತಿ ನಿಲ್ಲೂದಿಲ್ಲೆ. ಪಾಪ. ಇನ್ ಒಂದ್ ಶನಿವಾರನೂ ತಪ್ಸೂಕ್ ಆಗ. ನಾನ್ ಹತ್ರ ನಿಲ್ಲದಿದ್ರೆ ಅವ್ರ್ ಗತಿ ಎಂತ?"

ಹೌದು ಅತ್ತೆ, ಎಂದೆ.